ಮೊಳೆ ಬರಲಿಲ್ಲ, ಮೂಳೆ ಮುರಿಯಿತು

ಇಲಿಯ ತೊಡೆಮೂಳೆ ಹೆಚ್ಚೂಕಡಿಮೆ ಊದುಬತ್ತಿಯಷ್ಟು ದಪ್ಪ. ಅಂಥ ಮೂಳೆಗಳಲ್ಲಿ ಪುಟ್ಟ ತಿರುಪುಮೊಳೆಗಳನ್ನು ಕೂರಿಸಿ, ಕೆಲವು ವಾರ ಬಿಟ್ಟು, ಮತ್ತೆ ಬಿಚ್ಚಲು ಹೋದ ವೈದ್ಯರೊಬ್ಬರು 1951ರಲ್ಲಿ ತಾವು ಕಂಡದ್ದನ್ನು ಬರೆದು ಪ್ರಕಟಿಸಿದರು. ಅವರ ಹೆಸರು ಗಾಟ್ಲೀಬ್ ಲೆವೆಂಥಾಲ್, ಅಮೆರಿಕದವರು. ಮೊಳೆ ಟೈಟಾನಿಯಂನದು. 6 ವಾರ ಕಳೆದು ನೋಡಿದಾಗ ಮೊಳೆ ಹಾಕಿದ ದಿನಕ್ಕಿಂತ ತುಸು ಬಿಗಿಯಾಗಿತ್ತು. 12 ವಾರಕ್ಕೆ ತಿರುಗಿಸುವುದೇ ಕಷ್ಟವಾಯಿತು. 16 ವಾರದ ಒಂದು ಮಾದರಿಯಲ್ಲಿ ಮೊಳೆ ಬರಲಿಲ್ಲ, ಮೂಳೆ ಮುರಿಯಿತು.

ಗೋಡೆಗೆ ಮೊಳೆ ಹೊಡೆದವರಿಗೆಲ್ಲ ಗೊತ್ತಿರುವ ಸಂಗತಿಗೆ ಇದು ತೀರ ಉಲ್ಟಾ. ಗೋಡೆಯ ಮೊಳೆ ಹೊಡೆದ ದಿನ ಎಷ್ಟು ಬಿಗಿಯೋ ಅಷ್ಟೇ. ಆಮೇಲೆ ಕ್ಯಾಲೆಂಡರ್ ತೂಗಿ, ಅಂಗಿ ತೂಗಿ, ವರ್ಷ ಕಳೆದಂತೆ ಸಡಿಲವಾಗುತ್ತದೆ. ಬಾಗಿಲ ಕೀಲಿನ ಸ್ಕ್ರೂ ಕೂಡ ಹಾಗೆಯೇ. ಕಾಲ ಕಳೆದಂತೆ ಬಿಗಿಯಾಗುತ್ತ ಹೋಗುವ ಮೊಳೆಯನ್ನು ಯಾವ ಬಡಗಿಯೂ ಕಂಡಿಲ್ಲ. ಮೂಳೆಯಲ್ಲಿ ಮಾತ್ರ ಅದು ಸಾಧ್ಯ. ಏಕೆಂದರೆ ಇಲ್ಲಿ ಗೋಡೆಗೆ ಜೀವವಿದೆ.

ಆ ಹಿಡಿತ ಇರುವುದಾದರೂ ಎಲ್ಲಿ? ಮೂಳೆಗೂ ಲೋಹಕ್ಕೂ ನಡುವೆ ಅಂಟಿನಂಥದ್ದು ಏನಿದೆ, ಎಷ್ಟು ದಪ್ಪ, ಎಷ್ಟು ದಿನಕ್ಕೆ ಕಟ್ಟಿಕೊಳ್ಳುತ್ತದೆ? ಪ್ರಯೋಗಾಲಯಗಳು ಎಪ್ಪತ್ತು ವರ್ಷಗಳಿಂದ ಇದನ್ನೇ ಅಳೆಯುತ್ತಿವೆ. ಆ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೊದಲು ಹೇಳಬೇಕಾದದ್ದು ಇದು: ಮೂಳೆ ಟೈಟಾನಿಯಂ ಲೋಹವನ್ನು ಯಾವತ್ತೂ ಮುಟ್ಟುವುದೇ ಇಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತಾಮ್ರಕ್ಕೆ ಕಿಲುಬು. ಟೈಟಾನಿಯಂಗೂ ಅಂಥದ್ದೊಂದು ಪದರ ಬರುತ್ತದೆ. ಆದರೆ ಅದು ಕಬ್ಬಿಣದ ತುಕ್ಕಿನ ಹಾಗೆ ಪುಡಿಪುಡಿಯಾಗಿ ಉದುರಿ ಒಳಗಿನದನ್ನು ತಿನ್ನುವುದಿಲ್ಲ. ಗಾಳಿ ಸೋಕಿದ ಕ್ಷಣದಲ್ಲೇ ಮೂಡಿ, ತೆಳ್ಳಗೆ ಹರಡಿ, ಅಲ್ಲಿಗೇ ನಿಂತುಬಿಡುತ್ತದೆ. ಗೀಚಿದರೆ ಮರುಕ್ಷಣವೇ ಗಾಯ ಮುಚ್ಚುತ್ತದೆ. ಈ ಆಕ್ಸೈಡ್ ಪದರದ ದಪ್ಪ ಸಾಮಾನ್ಯವಾಗಿ 2ರಿಂದ 10 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಮೈಕ್ರಾನ್, ಆ ಮೈಕ್ರಾನನ್ನು ಮತ್ತೆ ಸಾವಿರ ಪಾಲು ಮಾಡಿದರೆ ಒಂದು ನ್ಯಾನೊಮೀಟರ್. 5 ನ್ಯಾನೊಮೀಟರ್ ಎಂದರೆ ಪರಮಾಣುಗಳನ್ನು ಒಂದರ ಮೇಲೊಂದು ಪೇರಿಸಿದರೆ ಇಪ್ಪತ್ತೋ ಮೂವತ್ತೋ. ಮೂಳೆಯ ಕೋಶಕ್ಕೆ, ರಕ್ತದ ಪ್ರೋಟೀನಿಗೆ, ಸುಣ್ಣದ ಹರಳಿಗೆ ಪರಿಚಯವಾಗುವುದು ಈ ಪದರ ಮಾತ್ರ. ಅದರ ಹಿಂದೆ ಲೋಹವಿದೆ ಎಂಬುದು ಅವಕ್ಕೆ ತಿಳಿಯುವುದೇ ಇಲ್ಲ.

ಈ ಅಳತೆಗಳು ಕಣ್ಣಿಗೆ ಕಟ್ಟಬೇಕಾದರೆ ಎಲ್ಲವನ್ನೂ 2 ಲಕ್ಷ ಪಟ್ಟು ಹಿಗ್ಗಿಸಿ ನೋಡೋಣ. 5 ನ್ಯಾನೊಮೀಟರಿನ ಆಕ್ಸೈಡ್ ಆಗ 1 ಮಿಲಿಮೀಟರ್ ಆಗುತ್ತದೆ, ಎಟಿಎಂ ಕಾರ್ಡಿಗಿಂತ ಕೊಂಚ ದಪ್ಪ. ದವಡೆಗೆ ಹಾಕುವ ಹಲ್ಲಿನ ಇಂಪ್ಲಾಂಟ್ 3.75 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಉದ್ದದ್ದು ಎಂದುಕೊಳ್ಳಿ. ಅದು 750 ಮೀಟರ್ ಅಗಲದ, 2 ಕಿಲೋಮೀಟರ್ ಎತ್ತರದ ಗುಡ್ಡವಾಗಿ ನಿಲ್ಲುತ್ತದೆ. ಗುಡ್ಡಕ್ಕೆಲ್ಲ ಹೊದಿಸಿರುವುದು ಕಾರ್ಡಿನಷ್ಟು ದಪ್ಪದ ಹೊದಿಕೆ. ಮೂಳೆ ಕಟ್ಟುವ ಒಂದೊಂದು ಕೋಶವೂ 4 ಮೀಟರ್ ಅಗಲ, ಮನೆಯ ಒಂದು ಕೋಣೆಯಷ್ಟು. ಆ ಕೋಶಗಳ ಕೈಯಲ್ಲಿರುವ ಸಾಮಾನು ಎರಡೇ ಬಗೆ. ಒಂದು, ಕೊಲ್ಲಾಜೆನ್ ಎಂಬ ನಾರು. ಅದರ ಒಂದು ಅಣು 300 ನ್ಯಾನೊಮೀಟರ್ ಉದ್ದ, ಒಂದೂವರೆ ನ್ಯಾನೊಮೀಟರ್ ದಪ್ಪ, ನಮ್ಮ ಹಿಗ್ಗಿಸಿದ ಲೋಕದಲ್ಲಿ 6 ಸೆಂಟಿಮೀಟರಿನ ಹೊಲಿಗೆ ದಾರದ ತುಂಡು. ಇನ್ನೊಂದು, ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳು, ಸುಮಾರು 50 ನ್ಯಾನೊಮೀಟರ್ ಉದ್ದ, 25 ಅಗಲ, ಎರಡು ಮೂರು ದಪ್ಪ. ಅದು ಆಗ ಒಂದು ಸೌತೆಬೀಜದಷ್ಟು ಕಾಣುತ್ತದೆ. ದಾರದ ತುಂಡುಗಳು, ಸೌತೆಬೀಜಗಳು. ಇವಿಷ್ಟರಿಂದಲೇ ಆ ಕೋಣೆಗಾತ್ರದ ಕೋಶಗಳು 2 ಕಿಲೋಮೀಟರ್ ಎತ್ತರದ ಗುಡ್ಡವನ್ನು ಸುತ್ತುವರಿದು ಹಿಡಿಯಬೇಕು.

ಎಷ್ಟು ಬೀಜ ಬೇಕು? ಲೆಕ್ಕ ಹಾಕಿದೆ. ಸುರುಳಿಯ ಏಣುಗಳನ್ನು ಬಿಟ್ಟು ಬರೀ ನುಣುಪು ಉರುಳೆಯೆಂದು ಹಿಡಿದರೂ ಆ ಇಂಪ್ಲಾಂಟಿನ ಸುತ್ತಿನ ಮೈ ಸುಮಾರು 118 ಚದರ ಮಿಲಿಮೀಟರ್, ಒಂದು ಅಂಚೆಚೀಟಿಯ ಕಾಲು ಭಾಗದಷ್ಟೂ ಇರಲಾರದು. ಅದರ ಮೇಲೆ ಹರಳುಗಳನ್ನು ಮಲಗಿಸಿ ಒಂದೇ ಒಂದು ಪದರ ಹಾಸಲು 9,400 ಕೋಟಿ ಹರಳು ಬೇಕು. ಅದೂ 3 ನ್ಯಾನೊಮೀಟರ್ ದಪ್ಪದ ಒಂದು ಪದರಕ್ಕೆ.

ಈ ಕೋಶಗಳ ವೇಗವನ್ನು ಅಳೆದ ಬಗೆ ಬಹಳ ಚೆಂದ. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೊಟಿಕ್ ನಿಮಗೆ ಗೊತ್ತಿರಬಹುದು. ಚಿಕ್ಕ ಮಕ್ಕಳಿಗೆ ಕೊಟ್ಟರೆ ಹಲ್ಲಿಗೆ ಶಾಶ್ವತವಾಗಿ ಕಲೆ ಕೂರುತ್ತದೆಂದು ವೈದ್ಯರು ಅದನ್ನು ಕೊಡುವುದಿಲ್ಲ. ಆ ಔಷಧಿಗೆ ಕ್ಯಾಲ್ಸಿಯಂ ಕಂಡರೆ ಅಂಟಿಕೊಳ್ಳುವ ಗುಣ. ಆ ದಿನ ಎಲ್ಲೆಲ್ಲಿ ಹೊಸದಾಗಿ ಸುಣ್ಣ ಕೂರುತ್ತಿದೆಯೋ ಅಲ್ಲೆಲ್ಲ ಒಂದು ಗೆರೆ ಎಳೆದು ಉಳಿದುಬಿಡುತ್ತದೆ. ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೊಟ್ಟರೆ ಇನ್ನೊಂದು ಗೆರೆ. ಆಮೇಲೆ ಮೂಳೆಯನ್ನು ತೆಳ್ಳಗೆ ಕೊಯ್ದು ನೇರಳಾತೀತ ಬೆಳಕಿನಲ್ಲಿಟ್ಟರೆ ಹಳದಿ ಹಸಿರಿನ ಎರಡು ರೇಖೆಗಳು ಹೊಳೆಯುತ್ತವೆ. ನಡುವಿನ ಅಂತರವನ್ನು ದಿನಗಳಿಂದ ಭಾಗಿಸಿದರೆ ವೇಗ ಸಿಕ್ಕಿತು. ಪ್ರಯೋಗಾಲಯದಲ್ಲಿ ಬೇರೆ ಬೇರೆ ದಿನಕ್ಕೆ ಬೇರೆ ಬೇರೆ ಬಣ್ಣ ಕೊಡುವುದೂ ಉಂಟು: ಕ್ಯಾಲ್ಸೀನ್ ಕೊಟ್ಟ ದಿನ ಹಸಿರು, ಅಲಿಝರಿನ್ ಕೊಟ್ಟ ದಿನ ಕೆಂಪು. ಮೂಳೆ ತನ್ನ ದಿನಚರಿಯನ್ನು ಬಣ್ಣದಲ್ಲೇ ಬರೆದಿಡುತ್ತದೆ.

ಓರಣವಾಗಿ ಪದರದ ಮೇಲೆ ಪದರ ಕೂರುವ ಗಟ್ಟಿ ಮೂಳೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮೈಕ್ರಾನ್. ಮನುಷ್ಯರಲ್ಲಿ ಅದಕ್ಕೂ ಕಡಿಮೆ, 0.6 ಮೈಕ್ರಾನಿನ ಆಸುಪಾಸು. ತಲೆಗೂದಲ ದಪ್ಪ 80 ಮೈಕ್ರಾನ್ ಎಂದು ಹಿಡಿದರೆ, ದಿನಕ್ಕೊಂದು ಮೈಕ್ರಾನಿನ ವೇಗದಲ್ಲೂ ಒಂದು ಕೂದಲೆಳೆಯಷ್ಟು ಮೂಳೆ ಕಟ್ಟಲು 80 ದಿನ ಬೇಕು! ನಮ್ಮ ಹಿಗ್ಗಿಸಿದ ಲೋಕದಲ್ಲಿ ದಿನಕ್ಕೆ ಒಂದು ಗೇಣು. ಗಾಯವಾದ ಜಾಗದಲ್ಲಿ ಮೊದಲು ಬರುವ ಮೂಳೆ ಈ ಜಾತಿಯದಲ್ಲ. ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡ, ಆತುರದ, ಒರಟು ಮೂಳೆ ಅದು. ಅದಕ್ಕೆ ದಿನಕ್ಕೆ ಹತ್ತಾರು ಮೈಕ್ರಾನ್ ವೇಗವಿದೆ. ನೆರೆ ಬಂದಾಗ ಮೊದಲು ಮರಳಿನ ಚೀಲ ಪೇರಿಸಿ, ಆಮೇಲೆ ಕಲ್ಲಿನ ಕಟ್ಟೆ ಕಟ್ಟುವ ಹಾಗೆ, ಮೊದಲು ಇದು, ಅನಂತರ ಗಟ್ಟಿ ಮೂಳೆ.

ಈ ನಡಿಗೆಯನ್ನು ದಿನದಿನಕ್ಕೆ ಕಂಡವರು ಬೆರ್ಗ್ಲುಂಡ್, ಅಬ್ರಹಾಮ್ಸನ್, ಲಾಂಗ್ ಮತ್ತು ಲಿಂಡೆ ಎಂಬ ನಾಲ್ವರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 20 ಲ್ಯಾಬ್ರಡಾರ್ ನಾಯಿಗಳ ದವಡೆಗಳಲ್ಲಿ ಒಟ್ಟು 160 ಟೈಟಾನಿಯಂ ಸಾಧನಗಳನ್ನು ಕೂರಿಸಲಾಯಿತು. ಸುರುಳಿಯ ಏಣುಗಳ ನಡುವೆ ಬೇಕೆಂದೇ ಖಾಲಿ ಜಾಗ ಬಿಟ್ಟಿದ್ದರು, ಅಲ್ಲಿ ಏನು ತುಂಬುತ್ತದೆ ನೋಡಲು. 2 ಗಂಟೆಯಿಂದ 12 ವಾರದವರೆಗೆ ಬೇರೆ ಬೇರೆ ಹೊತ್ತಿಗೆ ತೆಗೆದು ನೋಡಿದರು. 2 ಗಂಟೆಗೆ ಅಲ್ಲಿದ್ದುದು ಹೆಪ್ಪುಗಟ್ಟಿದ ರಕ್ತ. 4 ದಿನಕ್ಕೆ ಆ ಹೆಪ್ಪಿನ ಜಾಗದಲ್ಲಿ ಎಳೆಯ ಅಂಗಾಂಶ, ಹೊಸ ರಕ್ತನಾಳಗಳು. ಒಂದು ವಾರಕ್ಕೆ ಮೊದಲ ಒರಟು ಮೂಳೆ ಕಾಣಿಸಿಕೊಂಡಿತು. 4 ವಾರಕ್ಕೆ ಗಟ್ಟಿ ಮೂಳೆ ಅದರ ಜೊತೆ ಸೇರಿತು. 8ರಿಂದ 12 ವಾರದ ಹೊತ್ತಿಗೆ ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುವ ಕೆಲಸ ನಡೆದಿತ್ತು. ಆ 20 ನಾಯಿಗಳನ್ನು ನೆನೆಯದೆ ಈ ಸಾಲುಗಳನ್ನು ಬರೆಯಲು ನನಗೆ ಆಗಲಿಲ್ಲ. ಈ ಅಂಕಿಗಳಿಗೆ ಬೆಲೆ ತೆತ್ತವರು ಅವರು.

ಮೂಳೆ ಕೂಡುವ ಜಾಗವನ್ನು ಕಣ್ಣಾರೆ ನೋಡುವುದೇ ಬಹುಕಾಲ ಅಸಾಧ್ಯವಾಗಿತ್ತು ಎಂಬುದನ್ನೂ ಹೇಳಬೇಕು. ಮೂಳೆಯನ್ನು ಸೂಕ್ಷ್ಮದರ್ಶಕಕ್ಕೆ ಕೊಯ್ಯಬೇಕಾದರೆ ಆಮ್ಲದಲ್ಲಿಟ್ಟು ಸುಣ್ಣ ಕಳೆದು ಮೆತ್ತಗೆ ಮಾಡುವುದು ರೂಢಿ. ಹಾಗೆ ಮಾಡಿದರೆ ಲೋಹದ ಮಗ್ಗುಲಿನ ಸುಣ್ಣವೂ ಹೋಯಿತು. ಲೋಹವನ್ನು ಕಿತ್ತು ಕೊಯ್ದರೆ ನೋಡಬೇಕಾದ ಗಡಿಯೇ ಹರಿದುಹೋಯಿತು. ಹ್ಯಾಂಬರ್ಗಿನ ಕಾರ್ಲ್ ಡೊನಾಟ್ 1982ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಮೂಳೆ, ಮೊಳೆ ಎರಡನ್ನೂ ಒಟ್ಟಿಗೆ ರಾಳದಲ್ಲಿ ಮುಳುಗಿಸಿ, ಗಟ್ಟಿಯಾದ ಮೇಲೆ ವಜ್ರದ ಗರಗಸದಿಂದ ಸೀಳಿ, ಸಾಣೆ ಹಿಡಿಯುತ್ತ ಹಿಡಿಯುತ್ತ ಸುಮಾರು 10 ಮೈಕ್ರಾನಿಗೆ ಇಳಿಸುವುದು. ಕೂದಲಿನ ಎಂಟರಲ್ಲೊಂದು ಪಾಲಿನಷ್ಟು ತೆಳುವಾದ, ಮೂಳೆಯೂ ಲೋಹವೂ ಅಂಟಿಕೊಂಡೇ ಇರುವ ಹಾಳೆ!

ಹಾಗೆ ನೋಡಿದಾಗ ತಿಳಿದ ಒಂದು ಸಂಗತಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿತು. ಗಟ್ಟಿಯಾಗಿ ಕೂತ ಇಂಪ್ಲಾಂಟಿನ ಮೈಯನ್ನೆಲ್ಲ ಮೂಳೆ ಮುಚ್ಚಿರುವುದಿಲ್ಲ. ಡೇನಿಯಲ್ ಬೂಸರ್ ಮತ್ತು ಸಂಗಡಿಗರು 1991ರಲ್ಲಿ 6 ಕುಳ್ಳ ಹಂದಿಗಳ ಕಾಲಿನ ಮೂಳೆಗಳಲ್ಲಿ ಆರು ಬಗೆಯ ಮೈಯುಳ್ಳ ಇಂಪ್ಲಾಂಟ್ ಇಟ್ಟು 3 ಮತ್ತು 6 ವಾರಕ್ಕೆ ಅಳೆದರು. ಕನ್ನಡಿಯಂತೆ ನುಣುಪು ಮಾಡಿದ ಟೈಟಾನಿಯಂಗೆ ಮೂಳೆ ತಾಗಿದ್ದು ಮೈಯ ಶೇ. 20ರಿಂದ 25ರಷ್ಟು ಜಾಗದಲ್ಲಿ ಮಾತ್ರ. ದಪ್ಪ ಮರಳಿನಿಂದ ಉಜ್ಜಿ, ಆಮ್ಲದಿಂದ ಕೊರೆದು ಒರಟು ಮಾಡಿದ ಅದೇ ಟೈಟಾನಿಯಂಗೆ ಶೇ. 50ರಿಂದ 60. ಅಪಟೈಟ್ ಹರಳನ್ನೇ ಲೇಪಿಸಿದ್ದಕ್ಕೆ ಶೇ. 60ರಿಂದ 70, ಆದರೆ ಆ ಲೇಪನ ಕರಗುತ್ತಿರುವ ಗುರುತೂ ಜೊತೆಗೇ ಕಂಡಿತು. ಲೋಹ ಅದೇ, ಮೂಳೆ ಅದೇ. ಮೈಯ ಒರಟುತನವೊಂದೇ ಮೂಳೆ ತಾಗುವ ಜಾಗವನ್ನು ಇಮ್ಮಡಿ ಮಾಡಿತು. ನಯವಾದದ್ದೇ ದೇಹಕ್ಕೆ ಹಿತವೆಂದು ನಾವು ಅಂದುಕೊಂಡಿರುತ್ತೇವೆ. ಹಂದಿಯ ಮೂಳೆ ಬೇರೆಯೇ ಹೇಳಿತು.

ಒರಟಷ್ಟೇ ಅಲ್ಲ, ರಂಧ್ರಗಳಿಗೂ ಲೆಕ್ಕವಿದೆ. ಟೊರಾಂಟೊದಲ್ಲಿ ಬೋಬಿನ್, ಪಿಲಿಯರ್ ಮತ್ತು ಸಂಗಡಿಗರು 1980ರಲ್ಲಿ ಕಂಡುಕೊಂಡಂತೆ, ಲೋಹದ ಮೈಯಲ್ಲಿ 50ರಿಂದ 400 ಮೈಕ್ರಾನಿನ ರಂಧ್ರಗಳಿದ್ದರೆ ಮೂಳೆ ಒಳಗೆ ನುಗ್ಗಿ ಬೆಳೆದು, 8 ವಾರಕ್ಕೆ 17 ಮೆಗಾಪಾಸ್ಕಲ್ ಹಿಡಿತ ಕೊಡುತ್ತದೆ. ಇದನ್ನು ನಮ್ಮ ಅಳತೆಗೆ ತಂದರೆ ಒಂದು ಚದರ ಸೆಂಟಿಮೀಟರಿಗೆ 170 ಕಿಲೋಗ್ರಾಂ. ಹೆಬ್ಬೆರಳ ಉಗುರಿನಷ್ಟು ಜಾಗ, ಮೂರು ಮೂಟೆ ಅಕ್ಕಿಯ ಭಾರ. ಸಿಮೆಂಟಿಲ್ಲ, ಅಂಟಿಲ್ಲ.

ಆದರೆ ಇಷ್ಟು ಬಲವುಳ್ಳ ಹಿಡಿತ ಹುಟ್ಟುವ ದಿನಗಳಲ್ಲಿ ಎಳೆಗೂಸಿನಷ್ಟು ನಾಜೂಕು. ಮೊದಲ ವಾರಗಳಲ್ಲಿ ಇಂಪ್ಲಾಂಟ್ ಎಷ್ಟು ಅಲುಗಬಹುದು? ಪಿಲಿಯರ್ ಅವರ ಗುಂಪು 1986ರಲ್ಲಿ ಕೊಟ್ಟ ಉತ್ತರ: 28 ಮೈಕ್ರಾನಿನವರೆಗೆ ಅಲುಗಿದರೂ ಮೂಳೆ ಬೆಳೆದೀತು, 150 ಮೈಕ್ರಾನ್ ದಾಟಿದರೆ ಮೂಳೆಯ ಬದಲು ಬರೀ ನಾರಿನ ಅಂಗಾಂಶ ಬರುತ್ತದೆ. ಕೂದಲಿನ ಮೂರನೇ ಒಂದು ಭಾಗದಷ್ಟು ಜಗ್ಗಾಟವಾದರೆ ಸರಿ, ಎರಡು ಕೂದಲಿನಷ್ಟಾದರೆ ಎಲ್ಲ ಕೆಟ್ಟಂತೆ. ಶಾಖಕ್ಕೂ ಹೀಗೇ ಒಂದು ಮಿತಿ. ಮೂಳೆಗೆ ರಂಧ್ರ ಕೊರೆಯುವಾಗ ಡ್ರಿಲ್ ಬಿಸಿಯಾಗುತ್ತದಲ್ಲ, ಎಷ್ಟು ಬಿಸಿಯನ್ನು ಮೂಳೆ ತಡೆದೀತು? ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ ಮೊಲಗಳಲ್ಲಿ ನೋಡಿ 1983ರಲ್ಲಿ ಹೇಳಿದ್ದು: 47 ಡಿಗ್ರಿ ಸೆಲ್ಸಿಯಸ್, ಒಂದು ನಿಮಿಷ. ಮೈಯ ಬಿಸಿಗಿಂತ ಹತ್ತೇ ಡಿಗ್ರಿ ಹೆಚ್ಚು. ನಾವು ಊದಿ ಊದಿ ಕುಡಿಯುವ ಕಾಫಿ ಇದಕ್ಕಿಂತ ಎಷ್ಟೋ ಬಿಸಿ. ಹಲ್ಲಿನ ವೈದ್ಯರು ಕೊರೆಯುವಾಗ ತಣ್ಣೀರು ಹಾಯಿಸುತ್ತಲೇ ಇರುವುದು ಈ ಹತ್ತು ಡಿಗ್ರಿಯ ಭಯಕ್ಕೆ.

ಲೋಹದ ಕಥೆ ಹೀಗಾದರೆ ಗಾಜಿನದು ಇನ್ನೊಂದು ಬಗೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ ಎಂಬ ವಿಜ್ಞಾನಿ ಇದ್ದರು. 1967ರಲ್ಲಿ ಒಂದು ಬಸ್ಸಿನಲ್ಲಿ ಅವರ ಪಕ್ಕ ಕೂತವರು ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೇನಾಧಿಕಾರಿ. ಕೈಕಾಲು ಕಳೆದುಕೊಂಡ ಹುಡುಗರನ್ನು ಕಂಡು ನೊಂದಿದ್ದ ಅವರು, ಮೈ ಒಪ್ಪಿಕೊಳ್ಳುವ ವಸ್ತುವೊಂದನ್ನು ನಿಮ್ಮಂಥವರು ಮಾಡಲಾರಿರಾ ಎಂದು ಕೇಳಿದರು. ಎರಡು ವರ್ಷದಲ್ಲಿ ಹೆಂಚ್ ಮಾಡಿದ್ದು ಗಾಜು: ತೂಕದಲ್ಲಿ ಶೇ. 45 ಸಿಲಿಕಾ, ಶೇ. 24.5 ಸೋಡಿಯಂ ಆಕ್ಸೈಡ್, ಶೇ. 24.5 ಕ್ಯಾಲ್ಸಿಯಂ ಆಕ್ಸೈಡ್, ಶೇ. 6 ರಂಜಕದ ಆಕ್ಸೈಡ್. ಇಲಿಗಳ ತೊಡೆಮೂಳೆಯಲ್ಲಿ 6 ವಾರ ಇಟ್ಟು ನೋಡಿದಾಗ ಆ ಚೂರುಗಳನ್ನು ತಳ್ಳಿದರೂ ಬರಲಿಲ್ಲ, ಬಡಿದರೂ ಬರಲಿಲ್ಲ. ಹೋಲಿಕೆಗೆಂದು ಇಟ್ಟ ಬೇರೆ ಚೂರುಗಳು ಸಲೀಸಾಗಿ ಜಾರಿ ಬಂದವು.

ರಂಜಕವೊಂದನ್ನು ಬಿಟ್ಟರೆ ಈ ಗಾಜಿನ ಮುಖ್ಯ ಸಾಮಾನೆಲ್ಲ ನಮ್ಮ ಕಿಟಕಿಯ ಗಾಜಿನದೇ. ಕಿಟಕಿಯಲ್ಲಿ ಸಿಲಿಕಾ ಶೇ. 70ರ ಮೇಲಿದೆ, ಇಲ್ಲಿ 45. ಹೆಂಚ್ ಅಳತೆಗಳನ್ನು ಬದಲಿಸುತ್ತ ಹೋದಾಗ ಶೇ. 60ರ ಹತ್ತಿರ ಒಂದು ಗೆರೆ ಸಿಕ್ಕಿತು. ಅದರಾಚೆ ಹೋದರೆ ಮೂಳೆ ಗಾಜನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಈಚೆ ಇದ್ದರೆ ಗಾಜು ದೇಹದ ದ್ರವದಲ್ಲಿ ಸೋಡಿಯಂ ಬಿಟ್ಟುಕೊಟ್ಟು, ಮೇಲೆ ಸಿಲಿಕಾದ ಲೋಳೆ ಕಟ್ಟಿಕೊಂಡು, ಅದರ ಮೇಲೆ ಅಪಟೈಟ್ ಹರಳು ಬೆಳೆಸಿಕೊಳ್ಳುತ್ತದೆ. ಮೂಳೆಯ ಕೋಶ ಬರುವ ಹೊತ್ತಿಗೆ ಅದರ ಮುಂದೆ ಇರುವುದು ಗಾಜಲ್ಲ, ತನ್ನದೇ ಹರಳು. ಇಲ್ಲಿಯ ಬೆಸುಗೆಯ ಪಟ್ಟಿ ಟೈಟಾನಿಯಂ ಆಕ್ಸೈಡಿಗಿಂತ ಸಾವಿರಾರು ಪಟ್ಟು ದಪ್ಪ.

ಹರಳು ಹುಟ್ಟಲು ಜೀವವೇ ಬೇಡ ಎಂದು ತೋರಿಸಿದವರು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತದಾಶಿ ಕೊಕುಬೊ. ರಕ್ತದಲ್ಲಿರುವ ಲವಣಗಳನ್ನಷ್ಟೇ ಹೆಚ್ಚೂಕಡಿಮೆ ಅದೇ ಪ್ರಮಾಣದಲ್ಲಿ ನೀರಿಗೆ ಬೆರೆಸಿದರು. ಲೀಟರಿಗೆ ಕ್ಯಾಲ್ಸಿಯಂ 2.5 ಮಿಲಿಮೋಲ್, ಅಂದರೆ ಕೇವಲ 100 ಮಿಲಿಗ್ರಾಂ. ಫಾಸ್ಫೇಟ್ 1 ಮಿಲಿಮೋಲ್. 36.5 ಡಿಗ್ರಿಯಲ್ಲಿ, ಮುಚ್ಚಿದ ಬಾಟಲಿಯಲ್ಲಿ, ಪರೀಕ್ಷಿಸಬೇಕಾದ ವಸ್ತುವನ್ನು ಅದರಲ್ಲಿ ಮುಳುಗಿಸಿಟ್ಟು ಕಾಯುವುದು. ಕೋಶವಿಲ್ಲ, ಪ್ರೋಟೀನಿಲ್ಲ, ಪ್ರಾಣಿಯ ನೋವಿಲ್ಲ. ಮೂಳೆಗೆ ಒಗ್ಗುವ ಅನೇಕ ವಸ್ತುಗಳ ಮೈಮೇಲೆ 4 ವಾರದೊಳಗೆ ಬಿಳಿಯ ಅಪಟೈಟ್ ಮೂಡುತ್ತದೆ. ಆ ದ್ರವದಲ್ಲಿ ಹರಳಾಗಲು ಬೇಕಾದ್ದಕ್ಕಿಂತ ಹೆಚ್ಚು ಸುಣ್ಣ ಮೊದಲೇ ಇದೆ, ನಮ್ಮ ರಕ್ತದಲ್ಲಿ ಇರುವ ಹಾಗೆಯೇ. ಸಕ್ಕರೆ ಪಾಕಕ್ಕೆ ಒಂದು ಕಾಳು ಬಿದ್ದರೆ ಸಾಕು ಎನ್ನುವಂತೆ, ಅದು ನೆಪಕ್ಕೆ ಕಾದಿರುತ್ತದೆ.

ಇಷ್ಟಾದರೂ ಜೀವದ ಪಾಲನ್ನು ಕಡಿಮೆ ಎಣಿಸುವಂತಿಲ್ಲ. ಮೂಳೆ ಎಂದರೆ ಕಲ್ಲಿನಂಥದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬ್ಯುಯೆನ್‌ಝ್ಲಿ ಮತ್ತು ಸಿಮ್ಸ್ ಎಂಬ ಇಬ್ಬರು 2015ರಲ್ಲಿ ಮಾಡಿದ ಅಂದಾಜು ಓದಿದ ಮೇಲೆ ಹಾಗೆ ಅನ್ನಿಸುವುದು ಸಾಧ್ಯವಿಲ್ಲ. ವಯಸ್ಕರೊಬ್ಬರ ಮೂಳೆಗಳೊಳಗೆ ಹುದುಗಿ ಕೂತ ಕೋಶಗಳು ಸುಮಾರು 4,200 ಕೋಟಿ. ಅವು ಒಂದಕ್ಕೊಂದು ಚಾಚಿದ ತಂತುಗಳ ಸಂಪರ್ಕಗಳು 23 ಲಕ್ಷ ಕೋಟಿ. ಆ ತಂತುಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ 1,75,000 ಕಿಲೋಮೀಟರ್, ಭೂಮಿಗೆ ನಾಲ್ಕು ಸುತ್ತು ಬಂದು ಇನ್ನೂ ಮಿಗುತ್ತದೆ. ಮೊಳೆಯನ್ನು ಕೂರಿಸುವುದು ಈ ಜಾಲದ ನಟ್ಟನಡುವೆ. ಎಲ್ಲಿ ಭಾರ ಬೀಳುತ್ತಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ತಿಳಿಯುವುದು ಇದಕ್ಕೆ. ಹಳೆಯದನ್ನು ಅಗೆಯಲು, ಹೊಸದನ್ನು ತುಂಬಲು ಕರೆ ಹೋಗುವುದು ಇಲ್ಲಿಂದ. ಅಗೆಯುವ ಕೋಶಗಳು ಮುಂದೆ, ಕಟ್ಟುವ ಕೋಶಗಳು ಹಿಂದೆ. ಅಗೆತಕ್ಕೆ ಕೆಲವು ವಾರ, ತುಂಬಲು ಮೂರು ತಿಂಗಳು. ಹೀಗೆ ವರ್ಷಕ್ಕೆ ನಮ್ಮ ಅಸ್ಥಿಪಂಜರದ ಸುಮಾರು ಹತ್ತರಲ್ಲೊಂದು ಪಾಲು ಹೊಸದಾಗುತ್ತದೆ.

ಇದನ್ನೆಲ್ಲ ಮನುಷ್ಯರ ಮೈಗೆ ತಂದವರು ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೊನೆಮಾರ್ಕ್. 1950ರ ದಶಕದಲ್ಲಿ ಅವರು ಮೂಳೆಯ ವಿಷಯಕ್ಕೆ ಬಂದದ್ದು ಬೇರೆ ದಾರಿಯಿಂದ: ಮೊಲದ ಮೂಳೆಮಜ್ಜೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ಜೀವಂತವಾಗಿ ನೋಡಬೇಕಿತ್ತು. ಅದಕ್ಕೆ ಟೈಟಾನಿಯಂನ ಪುಟ್ಟ ಕಿಟಕಿಯನ್ನು ಕಾಲಿನ ಮೂಳೆಯಲ್ಲಿ ಕೂರಿಸಿದರು. ದುಬಾರಿ ಸಾಧನ, ಕೆಲಸ ಮುಗಿದ ಮೇಲೆ ತೆಗೆದು ಇನ್ನೊಂದು ಮೊಲಕ್ಕೆ ಬಳಸಬೇಕು. ತೆಗೆಯಲು ಹೋದರೆ ಬರಲೇ ಇಲ್ಲ. ಲೆವೆಂಥಾಲ್ ಕಂಡದ್ದನ್ನೇ ಅವರೂ ಕಂಡರು, ಆದರೆ ಅಲ್ಲಿಂದ ಅವರು ಕದಲಲಿಲ್ಲ. ಲೋಹವನ್ನು ದೇಹ ನಾರಿನ ಚೀಲದಲ್ಲಿ ಸುತ್ತಿ ದೂರವಿಡುತ್ತದೆ ಎಂಬುದು ಆಗಿನ ನಂಬಿಕೆ. ಇಲ್ಲ, ಮೂಳೆ ನೇರವಾಗಿ ಕೂಡುತ್ತದೆ ಎಂದು ಒಪ್ಪಿಸಲು ಅವರಿಗೆ ಕಾಲು ಶತಮಾನ ಹಿಡಿಯಿತು. 1982ರ ಟೊರಾಂಟೊ ಸಮ್ಮೇಳನದ ನಂತರವೇ ಲೋಕ ಅವರ ಮಾತಿಗೆ ಕಿವಿಗೊಟ್ಟಿತು.

ಅವರ ಮೊದಲ ರೋಗಿಗೆ ಆಗ 34 ವರ್ಷ. ಹುಟ್ಟಿನಿಂದ ಸೀಳಿದ ಅಂಗುಳ, ವಿಕಾರವಾದ ದವಡೆ, ಹಲ್ಲಿಲ್ಲ. 1965ರಲ್ಲಿ ಬ್ರೊನೆಮಾರ್ಕ್ ಆ ರೋಗಿಯ ಕೆಳದವಡೆಗೆ 4 ಟೈಟಾನಿಯಂ ತಿರುಪುಗಳನ್ನು ಹಾಕಿದರು. ಆ ಮನುಷ್ಯ 2006ರಲ್ಲಿ ತೀರಿಕೊಂಡಾಗಲೂ ಆ ತಿರುಪುಗಳು ಕೆಲಸ ಮಾಡುತ್ತಿದ್ದವು. ದಿನಕ್ಕೆ ಒಂದೇ ಸಾವಿರ ಸಲ ಅಗಿದರು ಎಂದಿಟ್ಟುಕೊಂಡರೂ 40 ವರ್ಷಕ್ಕೆ 1 ಕೋಟಿ 46 ಲಕ್ಷ ಸಲ. ವರ್ಷಕ್ಕೆ ಹತ್ತರಲ್ಲೊಂದು ಪಾಲಿನ ಸರಾಸರಿಯನ್ನೇ ಹಿಡಿದರೆ, ಅಷ್ಟರಲ್ಲಿ ತಿರುಪುಗಳ ಸುತ್ತಲಿನ ಮೂಳೆ ನಾಲ್ಕು ಸಲ ಬದಲಾಗುವಷ್ಟು ಕೆಲಸ ನಡೆದಿರಬೇಕು. 1965ರಲ್ಲಿ ತಿರುಪನ್ನು ಹಿಡಿದ ಮೂಳೆಯ ಹೆಚ್ಚಿನ ಪಾಲು 2006ರಲ್ಲಿ ಅಲ್ಲಿರಲಿಲ್ಲ. ಅದನ್ನು ಅಗೆದ ಕೋಶಗಳು, ಆಮೇಲೆ ತುಂಬಿದ ಕೋಶಗಳು, ಅವನ್ನೂ ಅಗೆದವು, ಎಲ್ಲ ಬಂದು ಹೋಗಿದ್ದವು. ಒಂದೊಂದು ಸಲವೂ ಕೆಲವೇ ಮೈಕ್ರಾನಿನಷ್ಟು ಬಿಟ್ಟು, ಉಳಿದಲ್ಲೆಲ್ಲ ಹಿಡಿದುಕೊಂಡು, ಬಿಟ್ಟ ಜಾಗದಲ್ಲಿ ಮತ್ತೆ ಬೀಜ, ಮತ್ತೆ ದಾರ. ಆ ಹೊತ್ತಿನಲ್ಲೂ ಅವರು ಊಟ ಮಾಡುತ್ತಿದ್ದರು.